ವಿಭೂತಿ ಹಚ್ಚಿದ ತುಂಡು

ಆಗ ನನಗೆ ಅರವತ್ತಮೂರು. ಹನ್ನೆರಡು ವರ್ಷದ ಹಿಂದಿನ ಮಾತು. ನಾನು ಓದಿದ್ದು ಮೂರನೇ ಕ್ಲಾಸು, ಮಗಳು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಡಮ್ಮು. ರಾಜೀವನಗರದ ಮನೆಯಲ್ಲಿ ನಾವಿಬ್ಬರೇ. ಅವಳಿಗೆ ಯಾಕೆ ಮದುವೆ ಆಗಲಿಲ್ಲ ಅನ್ನುವವರು ಅವಳನ್ನೇ ಕೇಳಿಕೊಳ್ಳಲಿ, ನನಗೆ ಬೇರೆ ಕೆಲಸ ಇದೆ.

ಅವಳ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಲೋಹದ ತೀರಾ ಮೇಲಿನ ಪದರ, ಕಣ್ಣಿಗೆ ಕಾಣದಷ್ಟು ತೆಳು. ಅದರ ಮೇಲೆ ಅನಿಲ ಬಂದು ಕೂತರೆ ಎಲ್ಲಿ ಕೂರುತ್ತೆ, ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ, ಅದನ್ನ ಲೆಕ್ಕ ಹಾಕಿ ಹೇಳೋದು. ಲೋಹವನ್ನ ಅವಳು ಮುಟ್ಟುವುದೇ ಇಲ್ಲ. ಪೇಪರು, ಪೆನ್ನು, ಕಂಪ್ಯೂಟರು, ಅಷ್ಟೇ.

"ಬರೀ ಮೇಲ್ಮೈನೇ ನೋಡ್ತಾ ಕೂತ್ರೆ ಒಳಗಡೇದು ಯಾರೇ ನೋಡ್ತಾರೆ?" ಅಂತ ಒಂದು ಸಲ ಕೇಳಿದ್ದೆ.

"ಒಳಗಡೆ ನೋಡೋಕೆ ಬೇಕಾದಷ್ಟು ಜನ ಅವ್ರೆ ಕಣವ್ವ" ಅಂದಳು.

ಅವಳ ಲೆಕ್ಕ ಸರಿಯೋ ತಪ್ಪೋ ತಿಳಿಯಬೇಕಾದರೆ ಮಷೀನು ಬೇಕು. ಅದು ಇದ್ದದ್ದು ಅವಳ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಮೇಷ್ಟ್ರ ಕೈಯಲ್ಲಿ. ಹೂಟಗಳ್ಳಿ ಕಡೆಯ ರೈತರ ಮನೆಯವರು. ಒಳ್ಳೆ ಮನುಷ್ಯ, ಮಾತು ಜಾಸ್ತಿ. ಮಷೀನು ಅಂದರೆ ಒಳಗಿನ ಗಾಳಿಯೆಲ್ಲ ಎಳೆದುಹಾಕಿದ ಒಂದು ಉಕ್ಕಿನ ಡಬ್ಬ, ಅದರೊಳಗೆ ಉಗುರಗಲದ ಲೋಹದ ತುಂಡು. ಅದಕ್ಕೆ ಬೆರಳು ತಾಗಿದರೂ ಕೆಟ್ಟಿತಂತೆ. ಅಷ್ಟು ಮಡಿ ಮಾಡುವ ಹೆಂಗಸನ್ನ ನಾನು ಮೈಸೂರಿನಲ್ಲೇ ನೋಡಿಲ್ಲ.

ಆ ಲೋಹದ ಮೇಲೆ ಅನಿಲ ಗಟ್ಟಿಯಾಗಿ ಕೂರುತ್ತೆ ಅಂತ ನಾಲ್ಕು ವರ್ಷ ಕೂತು ಮಗಳು ಒಂದು ಲೆಕ್ಕ ಮುಗಿಸಿದ್ದಳು. ಮಷೀನು ಅದನ್ನ ಸರಿ ಅಂದರೆ ಲೇಖನ ಅಚ್ಚಾಗುತ್ತೆ. ಪ್ರೊಫೆಸರ್ ಹುದ್ದೆಯ ಸಂದರ್ಶನ ಹತ್ತಿರ ಬಂದಿತ್ತು, ಅದಕ್ಕೂ ಇದೇ ಆಧಾರ. ದಸರಾ ಕಳೆದು ಸ್ವಲ್ಪ ದಿನಕ್ಕೆ ಮೇಷ್ಟ್ರು ಫೋನ್ ಮಾಡಿ ಸರಿ ಬಂತು ಅಂದರು. ಸಂಜೆ ಖಾರದ ಪೊಟ್ಟಣ, ಬಾಳೆಹಣ್ಣು ಹಿಡಿದುಕೊಂಡು ಮನೆಗೇ ಬಂದರು.

"ಏನಮ್ಮ, ಮಗಳನ್ನ ಪ್ರೊಫೆಸರ್ ಮಾಡ್ಬುಟ್ರಲ್ಲ!"

"ನಾನೆಲ್ಲಿ ಮಾಡ್ದೆ, ಅನ್ನ ಹಾಕ್ದೆ ಅಷ್ಟೇ. ಕೂತ್ಕೊಳಿ, ಕಾಫಿ ಕುಡೀರಿ."

"ಎಲ್ಲ ಆಯುಧಪೂಜೆ ಫಲ ಕಣಮ್ಮ" ಅಂದರು. "ಬೇರೆಯೋರು ಮಷೀನಿಗೆ ಹೊರಗಡೆ ಕುಂಕುಮ ಇಟ್ಟು ಕೈ ತೊಳ್ಕೊಂಡ್ರು. ನಾನು ಆ ತುಂಡನ್ನೇ ಈಚೆ ತೆಗ್ದು ತಟ್ಟೇಲಿಟ್ಟು ಪೂಜೆ ಮಾಡ್ದೆ. ಮೇಡಮ್ಮೋರಿಗೆ ಆಯುಧ ಅಂತ ಇನ್ನೇನಿದೆ? ನೀವು ಲಿಂಗ ಕಟ್ಟೋ ಮನೆಯೋರು ಅಂತ ಮೂರು ಗೆರೆ ವಿಭೂತೀನೂ ಎಳ್ದೆ."

ಮಗಳು ಖಾರ ತಿನ್ನುತ್ತಿದ್ದವಳು ನಿಲ್ಲಿಸಿದಳು. "ಸರ್, ಈಗ ನೋಡಿದ್ದೂ ಅದೇ ತುಂಡಾ?"

"ಅದೇ. ತೊಳ್ದು, ಕಾಯಿಸಿ, ಕ್ಲೀನ್ ಮಾಡೇ ಒಳಗೆ ಹಾಕಿದ್ದು ಮೇಡಮ್. ಏನೂ ಉಳಿದಿರಲ್ಲ."

"ಉಳಿದಿದ್ರೆ?"

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಮಗಳು ನನಗೆ ಬಿಡಿಸಿ ಹೇಳಿದಳು. ಸಗಣಿ ಬೂದಿಯಲ್ಲಿ ಉಪ್ಪಿನ ಅಂಶ ಇರುತ್ತೆ, ಅದು ಚೂರೇ ಚೂರು ಉಳಿದರೂ ಅನಿಲ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮಷೀನು ತೋರಿಸಿದ್ದು ಅವಳ ಲೆಕ್ಕವನ್ನೋ ವಿಭೂತಿಯನ್ನೋ ಹೇಳುವ ಹಾಗಿಲ್ಲ. ಪೂಜೆಗೆ ಇಡದ ಇನ್ನೊಂದು ತುಂಡಿದೆ, ಅದರಲ್ಲಿ ಮತ್ತೆ ನೋಡಬೇಕು ಅಂದಳು.

"ಸಂದರ್ಶನ ಮುಗೀಲಿ ಮೇಡಮ್, ಆಮೇಲೆ ನೋಡೋಣ" ಅಂದರು ಮೇಷ್ಟ್ರು.

ನಾನೂ ಅವರ ಕಡೆಯೇ. "ಬಂದಿರೋದನ್ನ ಯಾಕೆ ಕೆದಕ್ತೀಯೇ? ನಿಮ್ಮಪ್ಪನ ಮನೆಯೋರು ಮಠದ ಬಾಗಿಲಲ್ಲಿ ವಿಭೂತಿ ಮಾರಿ ಬದುಕ್ದೋರು. ಅದ್ರಿಂದ ಯಾರ್ಗೂ ಕೆಟ್ಟದ್ದಾಗಿಲ್ಲ."

"ಹಣೆಗೆ ಆಗಿಲ್ಲ ಕಣವ್ವ. ಲೋಹಕ್ಕೆ ಆಯ್ತದೆ."

ಮೇಷ್ಟ್ರು ಬಾಳೆಹಣ್ಣು ಅಲ್ಲೇ ಬಿಟ್ಟು ಎದ್ದರು. ಆದರೆ ಇನ್ನೊಂದು ತುಂಡು ಹಾಕಿ ನೋಡಿದರು, ಅದಕ್ಕೆ ಮೆಚ್ಚಬೇಕು. ಅಷ್ಟು ದಿನ ಮಗಳು ಸರಿಯಾಗಿ ಊಟ ಮಾಡಲಿಲ್ಲ. ನಾನು ಬಲವಂತ ಮಾಡಲಿಲ್ಲ, ಹಸಿದರೆ ತಿನ್ನುತ್ತಾಳೆ.

ಒಂದು ಸಂಜೆ ಬಂದವಳು ಚೀಲವನ್ನ ಗೂಟಕ್ಕೆ ಹಾಕಿ, "ಸರಿ ಬರಲಿಲ್ಲ ಅವ್ವ. ಈ ತುಂಡಲ್ಲಿ ಅನಿಲ ಸಡಿಲವಾಗಿ ಕೂತದೆ. ನನ್ನ ಲೆಕ್ಕದಲ್ಲೇ ಎಲ್ಲೋ ತಪ್ಪದೆ" ಅಂದಳು.

"ಹಂಗಾದ್ರೆ ಪ್ರೊಫೆಸರು?"

"ಈ ಸಲ ಇಲ್ಲ."

"ಸುಮ್ನೆ ಇದ್ದಿದ್ರೆ ಯಾರಿಗೆ ಗೊತ್ತಾಯ್ತಿತ್ತೇ?"

"ನಾಳೆ ಇನ್ಯಾರೋ ಇನ್ನೆಲ್ಲೋ ಮಾಡಿ ನೋಡ್ತಾರೆ ಕಣವ್ವ. ಎಲ್ಲರೂ ವಿಭೂತಿ ಹಚ್ಚಲ್ಲವಲ್ಲ."

ತಟ್ಟೆ ಇಟ್ಟೆ. ಆ ಹುದ್ದೆ ಬೇರೆಯವರಿಗೆ ಹೋಯಿತು. ಇವಳು ಪ್ರೊಫೆಸರ್ ಆಗಲು ಇನ್ನೂ ಐದು ವರ್ಷ ಹಿಡಿಯಿತು. ನಡುವೆ ತಪ್ಪು ತಿದ್ದಿಕೊಂಡಳು, ಆ ಬೂದಿಯ ಉಪ್ಪು ಲೋಹದ ಮೇಲೆ ಏನು ಮಾಡುತ್ತೆ ಅಂತಲೂ ಲೆಕ್ಕ ಹಾಕಿದಳು. ಈಗ ಅದನ್ನ ಕೇಳಲು ಬೇರೆ ಊರಿನಿಂದ ಕರೆಯುತ್ತಾರೆ. ಆಗಿದ್ದು ಒಳ್ಳೇದೇ ಆಯ್ತು ಅನ್ನುವವರಿದ್ದಾರೆ. ಐದು ವರ್ಷ ಕಾದವಳು ಅವಳು, ಅವರಲ್ಲ.

ಲೆಕ್ಕ ತಪ್ಪಿದ ಆ ಸಂಜೆ ಅನ್ನ ಕಲಸುತ್ತಾ ಅವಳು ಹೇಳಿದ್ದು ಇನ್ನೊಂದಿದೆ. "ಸರ್ ಮುಖ ತಪ್ಪಿಸ್ತಾ ಅವ್ರೆ. ಇವತ್ತು ಊಟಾನೂ ಮಾಡ್ದೆ ಮಷೀನ್ ರೂಮಿಗೆ ಬೀಗ ಹಾಕ್ಕೊಂಡು ಹೊಂಟೋದ್ರು."

ಮಾರನೇ ದಿನ ಬೆಳಗ್ಗೆ ಎದ್ದು ಸ್ನಾನ ಮಾಡಿ, ಎಂದಿನ ಹಾಗೆ ಹಣೆಗೆ ವಿಭೂತಿ ಹಚ್ಚಿಕೊಂಡೆ. ಸೋಪು ಹಾಕಿ ಕೈ ತೊಳೆದೆ. ಅಕ್ಕಿರೊಟ್ಟಿ ತಟ್ಟಿ ಎರಡು ಡಬ್ಬಿಗೆ ಹಾಕಿದೆ.

"ಎರಡ್ಯಾಕೆ?" ಅಂದಳು.

"ಇನ್ನೊಂದು ಆ ಮೇಷ್ಟ್ರಿಗೆ. ನಿನ್ನ ಮುಂದಿನ ಲೆಕ್ಕ ನೋಡೋಕೆ ಮಷೀನು ಅವ್ರ ಹತ್ರಾನೇ ತಾನೇ ಇರೋದು" ಅಂದು ಡಬ್ಬಿಗಳನ್ನ ಅವಳ ಚೀಲಕ್ಕೆ ತುರುಕಿದೆ.