ಜಯದೇವಿ ಅಕ್ಕೋರ ಮೂಗು

ಬ್ರಹ್ಮಪುರದ ನಮ್ಮ ಓಣಿಯಲ್ಲಿ ಜಯದೇವಿ ಅಕ್ಕೋರ ಮೂಗಿಗೆ ಹೆದರದವರಿಲ್ಲ. ಮೂರು ಮನೆಯಾಚೆ ಆಮ್ಲೆಟ್ ಹಾಕಿದರೆ ಇವರು ಇಲ್ಲಿ ಸೆರಗು ಮೂಗಿಗೆ ಹಿಡಿಯುತ್ತಾರೆ. ತಮ್ಮ ಮಾಳಿಗೆಯ ಕೋಣೆ ಬಾಡಿಗೆಗೆ ಕೇಳಲು ಬಂದವರ ಹೆಸರು ಕೇಳುವ ಮೊದಲೇ ಮೂಸಿ ನೋಡುತ್ತಾರೆ. ಹೀಗೆ ಮೂಸಿಯೇ ಎಷ್ಟೋ ಜನರನ್ನು ಓಡಿಸಿದ್ದಾರೆ.

ಈ ಸಲದ ಸರದಿ ಐಶ್ವರ್ಯಾಳದು. ಮಾಳಿಗೆಯಲ್ಲಿ ಬಾಡಿಗೆಗಿದ್ದು, ಕಮಲಾಪುರದ ಕಚೇರಿಯೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗಿ. ಅವಳ ಕಸದ ಬುಟ್ಟಿಯಲ್ಲಿ ಮೊಟ್ಟೆಯ ಸಿಪ್ಪೆ ಸಿಕ್ಕಿಬಿಟ್ಟಿತು.

"ಈ ತಿಂಗಳ ಮುಗಿಯೂದ್ರಾಗ ಖಾಲಿ ಮಾಡು ತಂಗಿ. ನಮ್ಮದು ಶುದ್ಧ ಮನಿ."

"ಏಳು ತಿಂಗಳ ಬಸರಿ ಅದೀನ್ರಿ ಅಕ್ಕೋರೆ. ಈಗ ಎಲ್ಲಿ ಮನಿ ಹುಡುಕ್ಲಿ? ಡಾಕ್ಟರೇ ತತ್ತಿ ತಿನ್ನು ಅಂದಾರ."

"ಹಂಗಾದ್ರ ಡಾಕ್ಟರ್ ಮನಿಗೇ ಹೋಗಿ ತಿನ್ನು."

ಆ ಶುದ್ಧ ಮನೆಯ ದೇವರ ಕೋಣೆಯಲ್ಲಿ, ವಿಭೂತಿ ಗಟ್ಟಿಯ ಪಕ್ಕ, ಬೆಳ್ಳಿ ಡಬ್ಬಿಯೊಳಗೆ ಒಂದು ಹತ್ತಾಜೋಡಿ ಇತ್ತು. ಎರಡು ಕೈ ಮುಗಿದಂತೆ ಕಾಣುವ, ಒಣಗಿದ ಕಪ್ಪು ವಸ್ತು. ಅಪರೂಪದ ಬೇರು, ಇದಿದ್ದ ಮನೆಯಲ್ಲಿ ಲಕ್ಷ್ಮಿ ಕಾಲು ಮುರಿದುಕೊಂಡು ಬಿದ್ದಿರುತ್ತಾಳೆ ಎಂದು ನಂಬಿಸಿ ಮಾರಿದವನು ಕಮಲಾಪುರದ ರಸ್ತೆಬದಿಯಲ್ಲಿ ಕೆಂಬಾಳೆ ಮಾರುವ ದೌಲಪ್ಪ. ಇದು ಅವನ ಬುಟ್ಟಿಯಡಿಯ ವ್ಯಾಪಾರ. ಅಕ್ಕೋರು ಅದಕ್ಕೆ ದಿನಾ ಸಿಂಧೂರ ಬಳಿದು, ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಓಣಿಯ ಇನ್ನೂ ನಾಲ್ಕು ಮನೆಗೆ ತಾವೇ ಹೇಳಿ ಕೊಡಿಸಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ಪೂಜೆ ಮುಗಿಸಿ ಅವರು ನಮ್ಮ ಮನೆಯ ಕಟ್ಟೆಗೆ ಬಂದು ಕೂತಿದ್ದರು. ಇದ್ದಕ್ಕಿದ್ದಂತೆ ಮೂಗರಳಿಸಿ, "ಮಾಂಸ! ಹಾಡೇ ಹಗಲಾಗ ಮಾಂಸ ಸುಡಾಕತ್ಯಾಳ!" ಎಂದು ಎದ್ದೇಬಿಟ್ಟರು. ನಾನೂ ಹಿಂದೆ ಓಡಿದೆ. ಮಾಳಿಗೆಯ ಬಾಗಿಲಿಗೆ ಬೀಗ. ಐಶ್ವರ್ಯಾ ಕಮಲಾಪುರದಲ್ಲಿದ್ದಳು. ಮೆಟ್ಟಿಲಿಳಿದಷ್ಟೂ ವಾಸನೆ ಹೆಚ್ಚಾಯಿತು. ಆ ಪ್ರಸಿದ್ಧ ಮೂಗು ನಮ್ಮನ್ನು ನೆಟ್ಟಗೆ ದೇವರ ಕೋಣೆಗೆ ಕರೆದೊಯ್ದಿತು. ದೀಪದ ಬತ್ತಿ ತೆರೆದಿದ್ದ ಡಬ್ಬಿಯೊಳಗೆ ಜಾರಿ ಬಿದ್ದು, ಹತ್ತಾಜೋಡಿ ಚರ್ಮ ಸುಟ್ಟ ಹಾಗೆ ನಾರುತ್ತಿತ್ತು.

ಅಕ್ಕೋರು ಡಬ್ಬಿ ಹಿಡಿದು, ನನ್ನನ್ನೂ ಎಳೆದುಕೊಂಡು ಆಗಲೇ ಕಮಲಾಪುರದ ಬಸ್ಸು ಹತ್ತಿದರು. ವಾಸನೆಯ ದೂರು ಕೇಳಿ ದೌಲಪ್ಪನಿಗೆ ಎಳ್ಳಷ್ಟೂ ಗಾಬರಿಯಾಗಲಿಲ್ಲ.

"ಮಾಂಸದ ವಾಸನಿ ಬಂತಂದ್ರ ಅಸಲಿ ಮಾಲು ಅಕ್ಕೋರೆ. ನಕಲಿ ಆದ್ರ ಪ್ಲಾಸ್ಟಿಕ್ ನಾರ್ತದ."

"ಬೇರಿಗೆ ಮಾಂಸದ ವಾಸನಿ ಹ್ಯಾಂಗ ಬರ್ತದೋ?"

"ಬೇರು ಅಂತ ಗಿರಾಕಿ ಸಮಾಧಾನಕ್ಕ ಅಂತೀವ್ರಿ. ಗಂಡು ಉಡದ್ದದು."

"ಉಡದ ಏನು?"

ದೌಲಪ್ಪ ತನ್ನ ಲುಂಗಿಯ ಕಡೆ ನೋಡಿ, ಕೆಮ್ಮಿ, "ಹೆಣ್ಮಕ್ಕಳ ಮುಂದ ಹ್ಯಾಂಗ ಹೇಳ್ಲಿ ಬಿಡ್ರಿ" ಎಂದ.

ಅಕ್ಕೋರ ಮುಖ ಕೆಂಬಾಳೆಯ ಬಣ್ಣಕ್ಕೆ ತಿರುಗಿತು. "ಕೊಂದು ತಗೀತಾರೇನು?" ಎಂದು ನಾನು ಕೇಳಿದೆ.

"ಜೀವ ಇದ್ದಾಗ ಕೊಡ್ತದೇನ್ರಿ ಅದು?"

ಪೊಲೀಸರಿಗೆ ಹೇಳುತ್ತೇನೆಂದು ಅಕ್ಕೋರು ಕೂಗಾಡಿದರು. "ಹೇಳ್ರಿ. ಉಡದ ಮಾಲು ಕಾನೂನಿಗೆ ವಿರುದ್ಧ. ಮಾರಿದ ನನಗೂ ಜೇಲು, ಇಟ್ಕೊಂಡ ನಿಮಗೂ ಜೇಲು" ಎಂದು ಅವನು ಬಾಳೆಹಣ್ಣು ಜೋಡಿಸತೊಡಗಿದ.

ಸಂಜೆ ವಾಪಸು ಬಸ್ಸಿನಲ್ಲಿ ಅಕ್ಕೋರು ಬಿಕ್ಕಿ ಬಿಕ್ಕಿ ಅತ್ತರು. ಎಂಥ ಮೈಲಿಗೆ, ಕಣ್ಣಿಗೊತ್ತಿಕೊಂಡೆನಲ್ಲ, ಮನೆಯನ್ನೆಲ್ಲ ತೊಳೆಯಬೇಕಲ್ಲ! ಸತ್ತ ಉಡದ ಪಾಲಿಗೆ ಒಂದು ಹನಿಯೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಇದನ್ನ ಓಣಿಯಾಗ ಯಾರಿಗೂ ಹೇಳಬ್ಯಾಡ. ನನ್ನ ಮಾನ ಹೋಗ್ತದ" ಎಂದರು.

"ನೀವು ಹೇಳಿ ಕೊಡಿಸಿದ್ದು ಇನ್ನೂ ನಾಕು ಮನ್ಯಾಗ ಅದ. ನಾಳೆ ಮುಂಜಾನಿ ನೀವು ಹೇಳ್ತೀರೋ, ನಾ ಹೇಳ್ಲೋ?" ಎಂದೆ.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಯಾರೋ ಬಗ್ಗಿದರು. ಕಚೇರಿ ಬಿಟ್ಟು ಅದೇ ಬಸ್ಸು ಹತ್ತಿದ್ದ ಐಶ್ವರ್ಯಾ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಕ್ಕೋರು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಎಲ್ಲಿಗೂ ಹೋಗಬ್ಯಾಡ ತಂಗಿ. ಬಾಣಂತನ ಮುಗೀತನಕ ನಮ್ಮ ಮಾಳಿಗ್ಯಾಗೇ ಇರು."

"ಮತ್ತ ತತ್ತಿರಿ?"

"ತಿನ್ನವಾ."

"ನಿಮಗ ವಾಸನಿ ಬರ್ತದಲ್ರಿ ಅಕ್ಕೋರೆ?"

ಅಕ್ಕೋರು ಕಿಟಕಿಯ ಕಡೆ ಮುಖ ತಿರುಗಿಸಿ, "ಇಲ್ಲವಾ. ನೆಗಡಿ ಆಗ್ಯಾದ" ಎಂದರು.