ಜೀಪಿಗೆ ದಪ್ಪ ರಾಡು ಬಂದ ವಾರ

ಸುಮನಾ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವಳು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬ ಅನುಮಾನ ಹುಟ್ಟಿ, ಬಸ್ ಸ್ಟಾಪಿನಿಂದ ಶಿವಮೊಗ್ಗದ ವಿನೋಬನಗರದ ಮನೆಗೆ ಅವಳು ತಿರುಗಿ ಬಂದದ್ದು ಅದೆಷ್ಟು ಸಲವೋ. ಚಿಕ್ಕವಳಿದ್ದಾಗ ಏನೋ ಕಂಡು ಹೆದರಿರಬೇಕು ಎಂದು ಗಂಡ ಪ್ರಸನ್ನಕುಮಾರ್ ಊಹಿಸುತ್ತಿದ್ದ. ಹಾಗೇನೂ ಆಗಿರಲಿಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಸುಖವಾಗಿಯೇ ಬೆಳೆದಿದ್ದಳು. ಹುಟ್ಟುಗುಣ, ಅಷ್ಟೆ.

ಆ ಗುಣಕ್ಕೆ ತಕ್ಕ ಕೆಲಸವೇ ಅವಳಿಗೆ ಸಿಕ್ಕಿತ್ತು. ಭದ್ರಾವತಿಯಲ್ಲೇ ಮೆಟಲರ್ಜಿ ಡಿಪ್ಲೊಮಾ ಓದಿ, ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ತಪಾಸಣೆ ವಿಭಾಗಕ್ಕೆ ಸೇರಿ ಹದಿನೆಂಟು ವರ್ಷವಾಗಿತ್ತು. ಎರಕ ಹೊಯ್ದ ಸಾಮಾನುಗಳಲ್ಲಿ ಬಿರುಕು ಹುಡುಕುವುದು ಅವಳ ಪಾಲಿನ ಕೆಲಸ. ಕೆಂಪು ದ್ರವ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿ ಕಾಯಬೇಕು. ಕಣ್ಣಿಗೆ ಕಾಣದ ಬಿರುಕೇನಾದರೂ ಇದ್ದರೆ, ಅದರೊಳಗೆ ಇಳಿದಿದ್ದ ಕೆಂಪು ಮೆಲ್ಲಗೆ ಮೇಲೆದ್ದು ಬಿಳಿಯ ಮೇಲೆ ಗೆರೆಯಾಗಿ ನಿಲ್ಲುತ್ತದೆ. ಫೌಂಡ್ರಿಯಲ್ಲಿ ಅವಳ ಅನುಮಾನಕ್ಕೆ ಬೆಲೆಯಿತ್ತು. ಮನೆಯಲ್ಲಿ ಅದೇ ಅನುಮಾನ ನಗೆಪಾಟಲಾಗಿತ್ತು.

ಪ್ರಸನ್ನಕುಮಾರನದು ಬಿ.ಎಚ್. ರಸ್ತೆಯಲ್ಲಿ ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ವಾರದ ಆರು ದಿನ ಕೌಂಟರಿನ ಹಿಂದೆ ಕೂರುವ ಆ ಮನುಷ್ಯನಿಗೆ ಇದ್ದ ಒಂದೇ ಹುಚ್ಚು ಜೀಪಿನದು. ಇಪ್ಪತ್ತೈದು ವರ್ಷ ಹಳೆಯ ಜೀಪೊಂದನ್ನು ಸಾಗರದ ಕಡೆಯಿಂದ ತಂದು, ನಾಲ್ಕು ಚಕ್ರಕ್ಕೂ ದೊಡ್ಡ ಟೈರು ಹಾಕಿಸಿ, ಸ್ನೇಹಿತರ ಜೊತೆ ಗುಡ್ಡ, ಹಳ್ಳ, ಕೆಸರೆಂದು ನೋಡದೆ ಓಡಿಸುತ್ತಿದ್ದ. ಹೋದ ವರ್ಷ ಅಂಥದ್ದೇ ಒಂದು ಗುಡ್ಡ ಹತ್ತುವಾಗ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ರಾಡು ಬಂಡೆಗೆ ತಾಗಿ ಬಿಲ್ಲಿನ ಹಾಗೆ ಬಗ್ಗಿತು. ಚಕ್ರಗಳು ಒಂದೊಂದು ದಿಕ್ಕಿಗೆ ಮುಖ ಮಾಡಿದವು, ಜೀಪು ಪಕ್ಕದ ಹಳ್ಳಕ್ಕೆ ಜಾರಿತು, ಅವನ ಹೆಗಲ ಮೂಳೆ ಮುರಿಯಿತು. ಆಸ್ಪತ್ರೆಯ ಮಂಚದ ಪಕ್ಕ ನಿಂತು ಸುಮನಾ ಅವನಿಂದ ಒಂದು ಮಾತು ತೆಗೆದುಕೊಂಡಳು. ಗಟ್ಟಿ ರಾಡು, ಗಟ್ಟಿ ಜಾಯಿಂಟು ಹಾಕಿಸುವವರೆಗೆ ಗುಡ್ಡದ ಕಡೆ ತಲೆ ಹಾಕಬಾರದು. ಅವನು ಮಾತು ಉಳಿಸಿಕೊಂಡ, ಬಗ್ಗಿದ ರಾಡನ್ನು ನೆಟ್ಟಗೆ ಮಾಡಿಸಿ ರಸ್ತೆಯಲ್ಲಷ್ಟೇ ಓಡಿಸಿದ. ಈ ಸಲ ಹೊಳೆಹೊನ್ನೂರಿನ ಆಚೆಯ ಗುಡ್ಡದಲ್ಲಿ ಭಾನುವಾರ ಎಲ್ಲರೂ ಸೇರುವುದೆಂದು ಗೊತ್ತಾದಾಗ, ಕೊಯಮತ್ತೂರಿನ ಕಡೆಯಿಂದ ದಪ್ಪ ರಾಡಿನ ಸೆಟ್ ತರಿಸಿದ.

ಪಾರ್ಸೆಲ್ ಬಂದದ್ದು ಬುಧವಾರ, ಸುಮನಾಳ ವಾರದ ರಜೆಯ ದಿನ. ಕೊರಿಯರಿನವನು ಉದ್ದನೆಯ ರಟ್ಟಿನ ಡಬ್ಬವನ್ನು ಹೆಗಲ ಮೇಲೆ ಹೊತ್ತು ತಂದು ಜಗುಲಿಯ ಮೇಲೆ ಇಳಿಸಿದ. ಒಂದು ಮೂಲೆ ಹರಿದು ಕಬ್ಬಿಣ ಹೊರಗೆ ಇಣುಕುತ್ತಿತ್ತು. ಅವಳು ಹಾಗೇ ಸಹಿ ಹಾಕಲಿಲ್ಲ. ಫೋಟೋ ತೆಗೆದು, ಡಬ್ಬ ಹರಿದಿದೆ ಎಂದು ಚೀಟಿಯಲ್ಲಿ ಬರೆದೇ ಸಹಿ ಮಾಡಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಸುಭದ್ರಮ್ಮ, ಬಿಸಿಲಲ್ಲಿ ನಿಂತಿದ್ದಾನೆ ಪಾಪ, ನೀರಾದರೂ ಕೊಡು ಎಂದರು.

ಅವನು ಹೋದ ಮೇಲೆ ಸೊಸೆ ಡಬ್ಬ ಬಿಚ್ಚಿದಳು. ಒಳಗೆ ತೋಳಿನ ದಪ್ಪದ ಎರಡು ರಾಡು, ಒಂದು ಚಕ್ರಗಳ ನಡುವಿನದು, ಇನ್ನೊಂದು ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವುದು; ಅವುಗಳ ತುದಿಗೆ ಕೂರುವ ನಾಲ್ಕು ಜಾಯಿಂಟು, ನಟ್ಟುಗಳ ಪೊಟ್ಟಣ. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದಳು. ಮೂರನೆಯ ಜಾಯಿಂಟಿನ ಕುತ್ತಿಗೆಯ ಬಳಿ ಕೂದಲೆಳೆಯಷ್ಟು ಸಣ್ಣ ಗೆರೆ. ಉಗುರಿನಿಂದ ಎಳೆದು ನೋಡಿದಳು. ಉಗುರು ಒಮ್ಮೆ ಸಿಕ್ಕಿಕೊಂಡಂತಾಯಿತು, ಮತ್ತೊಮ್ಮೆ ಎಳೆದರೆ ಇಲ್ಲ. ಕಬ್ಬಿಣವನ್ನು ಅಚ್ಚಿನಲ್ಲಿಟ್ಟು ಬಡಿದಾಗ ಇಂಥ ಗೆರೆ ಉಳಿಯುವುದುಂಟು, ಅದು ಅವಳಿಗೂ ಗೊತ್ತು. ಆದರೂ ಅದನ್ನು ಬೇರೆಯಾಗಿ ತೆಗೆದಿಟ್ಟಳು. ಬಗ್ಗುವ ರಾಡಾದರೆ ಬಗ್ಗಿ ನಿಲ್ಲುತ್ತದೆ. ಬಿರುಕುಬಿಟ್ಟ ಜಾಯಿಂಟು ಹೇಳದೆ ಕೇಳದೆ ತುಂಡಾಗುತ್ತದೆ. ಆಮೇಲೆ ಕೈಯಲ್ಲಿ ಸ್ಟೀರಿಂಗ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಸಂಜೆ ಗಂಡನಿಗೆ ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು ನೋಡಿ, ಹೊಸ ಸಾಮಾನಿನ ಮೇಲೂ ನಿನ್ನ ಕಣ್ಣು ಬಿತ್ತಾ ಮಾರಾಯ್ತಿ ಎಂದು ನಕ್ಕ. ಮರುದಿನ ಸಾಯಂಕಾಲವೇ ಭದ್ರಾವತಿಯ ಮೆಕ್ಯಾನಿಕ್ ಮುರಳಿಯ ಶೆಡ್ಡಿನಲ್ಲಿ ಇದನ್ನೆಲ್ಲ ಜೋಡಿಸುವುದೆಂದು ಮಾತಾಗಿತ್ತು.

ಬೆಳಿಗ್ಗೆ ಸುಮನಾ ಆ ಜಾಯಿಂಟನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಊಟದ ಡಬ್ಬದ ಪಕ್ಕ ಬ್ಯಾಗಿಗೆ ಹಾಕಿಕೊಂಡು ಕಂಪನಿ ಬಸ್ಸು ಹತ್ತಿದಳು. ಗಂಡನಿಗೆ ಹೇಳಲಿಲ್ಲ, ಹೇಳಿದ್ದರೆ ಅವನು ಒಪ್ಪುತ್ತಿರಲಿಲ್ಲ.

ಅವಳ ವಿಭಾಗದ ಮುಖ್ಯಸ್ಥ ಮೂರ್ತಪ್ಪನವರು ನಿವೃತ್ತಿಯ ಅಂಚಿನಲ್ಲಿದ್ದವರು. ಹೊರಗಿನ ಸಾಮಾನಿಗೆ ಕಂಪನಿಯ ಬಣ್ಣ ಬಳಸುವುದಕ್ಕೆ ಮೊದಲು ಅವರನ್ನು ಕೇಳಿದಳು. ಅವರು ಅವಳ ಮುಖ ನೋಡಿ, ಊಟದ ಹೊತ್ತಿನಲ್ಲಿ ಮಾಡಿಕೋ, ನಾನೂ ನೋಡ್ತೀನಿ ಎಂದರು. ಬುತ್ತಿ ಬಿಚ್ಚದೆ ಅವಳು ಕೆಂಪು ಬಳಿದಳು, ಒರೆಸಿದಳು, ಬಿಳಿ ಸಿಂಪಡಿಸಿದಳು. ಹತ್ತು ನಿಮಿಷ ಕಾದರು. ಹಾಲಿನಂಥ ಬಿಳಿಯ ಮೇಲೆ ಒಂದು ಚುಕ್ಕೆಯೂ ಏಳಲಿಲ್ಲ.

"ಅಚ್ಚಿನ ಗೆರೆ ಕಣಮ್ಮ," ಎಂದರು ಮೂರ್ತಪ್ಪ. "ಸಾಮಾನು ಚೆನ್ನಾಗಿದೆ. ಹೋಗು, ಊಟ ಮಾಡು."

ಸಮಾಧಾನವಾಗಬೇಕಿತ್ತು. ಆದರೆ ಅಷ್ಟರಲ್ಲಿ ಪ್ರಸನ್ನಕುಮಾರನ ಫೋನು ನಾಲ್ಕು ಸಲ ಬಂದಿತ್ತು. ಅಂಗಡಿ ಬಿಟ್ಟು ಮನೆಗೆ ಬಂದು ಸಾಮಾನು ಎಣಿಸಿದವನಿಗೆ ಒಂದು ಜಾಯಿಂಟು ಕಡಿಮೆಯಾಗಿ ಕಂಡು, ಕಳಿಸಿದವರಿಗೆ ಫೋನು ಮಾಡಿ ಕೂಗಾಡಿದ್ದ. ಅದು ಹೆಂಡತಿಯ ಬ್ಯಾಗಿನಲ್ಲಿದೆ ಎಂದು ತಿಳಿದಾಗ ಅವನು ಕೂಗಲಿಲ್ಲ, ಫೋನು ಇಟ್ಟುಬಿಟ್ಟ. ಅವಳು ಜಾಯಿಂಟು ತರುವಷ್ಟರಲ್ಲಿ ಹೊತ್ತು ಮೀರಿತ್ತು. ಆ ಸಂಜೆ ತಪ್ಪಿದ ಮೇಲೆ ಮುರಳಿಗೆ ಶನಿವಾರ ಮಧ್ಯಾಹ್ನದವರೆಗೆ ಬಿಡುವಿರಲಿಲ್ಲ. ಗುಡ್ಡಕ್ಕೆ ಹೋಗುವ ಹಿಂದಿನ ದಿನ ಜೋಡಣೆ, ಓಡಿಸಿ ನೋಡುವುದಕ್ಕೆ ಒಂದು ಗಂಟೆಯೂ ಸಿಗುವುದಿಲ್ಲ. ಎರಡು ದಿನ ಮನೆಯಲ್ಲಿ ಮಾತು ಊಟ, ನೀರಿಗಷ್ಟೇ ಉಳಿಯಿತು. ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಅವನು ಹೇಳಿದ, "ನಿನ್ನ ಭಯಕ್ಕೆ ನಾನು ಒಂದು ವರ್ಷ ಸುಮ್ನಿದ್ದೆ. ಇನ್ನೂ ಎಷ್ಟು ದಿನ ಇರ್ಬೇಕು, ನೀನೇ ಹೇಳು."

ಸುಮನಾ ಅವನ ತಟ್ಟೆಗೆ ಸಾರು ಬಡಿಸಿದಳು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ತನ್ನೊಳಗಿನ ದಿಗಿಲು ಯಾವಾಗ ನಿಜದ ಸುಳಿವು, ಯಾವಾಗ ಬರೀ ದಿಗಿಲು ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಫೌಂಡ್ರಿಯಲ್ಲಾದರೆ ಅದನ್ನು ಬಣ್ಣ ಹೇಳುತ್ತಿತ್ತು. ಇನ್ನು ಮೇಲೆ ಜೀಪಿನ ವಿಷಯದಲ್ಲಿ ಬಾಯಿ ಬಿಡುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಶನಿವಾರ ಅವಳಿಗೆ ಅರ್ಧ ದಿನದ ಕೆಲಸ. ಮಾಚೇನಹಳ್ಳಿಯಿಂದ ಶಿವಮೊಗ್ಗದ ಬಸ್ಸು ಹತ್ತಬೇಕಾದವಳು ಎದುರು ದಿಕ್ಕಿನ ಭದ್ರಾವತಿಯ ಬಸ್ಸು ಹತ್ತಿದಳು. ಶೆಡ್ಡಿನ ಮುಂದೆ ಅವಳನ್ನು ಕಂಡು ಪ್ರಸನ್ನಕುಮಾರ್ ಹುಬ್ಬು ಗಂಟಿಕ್ಕಿದ. ಅವಳು ಬರೀ ನೋಡೋಕೆ ಬಂದೆ ಎಂದಳು. ಮುರಳಿ ಒಂದು ಸ್ಟೂಲು ಎಳೆದು ಹಾಕಿ, ಕೂತ್ಕೊಳ್ಳಿ ಅಕ್ಕ ಎಂದ.

ಮುರಳಿ ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಆಸಾಮಿ. ಜೀಪಿನ ಮುಂಭಾಗವನ್ನು ಜಾಕಿಯಲ್ಲಿ ಎತ್ತಿ, ಹಳೆಯ ರಾಡುಗಳ ನಟ್ಟು ಬಿಚ್ಚಿ, ಒಂದೊಂದು ಜಾಯಿಂಟಿನ ಪಕ್ಕಕ್ಕೆ ಎರಡೇ ಎರಡು ಸುತ್ತಿಗೆ ಏಟು ಕೊಟ್ಟು ಅವನ್ನು ಕಳಚಿದ. ಹಳೆಯದರ ಪಕ್ಕ ಹೊಸದನ್ನು ಮಲಗಿಸಿ ಉದ್ದ ಅಳೆದ. ಹೊಸ ಜಾಯಿಂಟುಗಳನ್ನು ಎರಡೂ ಕಡೆ ಸಮನಾಗಿ ತಿರುಗಿಸಿ ಕೂರಿಸಿದ. ಚಕ್ರಗಳ ಮುಂದೆ ಹಿಂದೆ ಟೇಪು ಹಿಡಿದು ನೇರ ನೋಡಿದ. ನಟ್ಟು ಬಿಗಿ ಮಾಡಿ, ಅದು ಬಿಚ್ಚಿಕೊಳ್ಳದಂತೆ ಪಿನ್ನು ತೂರಿಸಿ, ಅದರ ಎರಡೂ ಕಾಲು ಮಡಚಿದ. ನಾಲ್ಕೂ ಪಿನ್ನುಗಳನ್ನು ಸುಮನಾ ಕೂತಲ್ಲಿಂದಲೇ ಎಣಿಸಿದಳು. ಅವನ ಕೆಲಸದಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ. ಆದರೂ ಅವಳು ಪಿನ್ನುಗಳನ್ನು ಇನ್ನೊಮ್ಮೆ ಎಣಿಸಿದಳು.

ಜಾಕಿ ಇಳಿಸಿದ ಮೇಲೆ ಪ್ರಸನ್ನಕುಮಾರ್ ಜೀಪು ಹತ್ತಿ ಕೂತು, ನಿಂತಲ್ಲೇ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ತಿರುಗಿಸಿದ. ದೊಡ್ಡ ಟೈರುಗಳು ನೆಲ ಉಜ್ಜುತ್ತ ಹೊರಳಿದವು. ಹೊಸ ರಾಡು ಒಂದಿಷ್ಟೂ ಅಲುಗಲಿಲ್ಲ. ಅವನ ಮುಖ ಅರಳಿತು.

ಅಲುಗಿದ್ದು ಬೇರೆ ಕಡೆ. ಸ್ಟೀರಿಂಗಿನ ಕಂಬಿ ಕೆಳಗಿಳಿದು ಸೇರುವ ಕಬ್ಬಿಣದ ಪೆಟ್ಟಿಗೆಯನ್ನು ಚಾಸಿಯ, ಅಂದರೆ ಗಾಡಿಯ ತಳದ ಚೌಕಟ್ಟಿನ, ಉದ್ದ ತೊಲೆಗೆ ಬೋಲ್ಟು ಹಾಕಿ ಕೂರಿಸಿರುತ್ತಾರೆ. ಆ ಬೋಲ್ಟಿನ ಕೆಳಗೆ ಒಣಗಿ ಅಂಟಿದ್ದ ಕೆಸರು, ಚಕ್ರ ಹೊರಳಿದಾಗಲೆಲ್ಲ ಬಾಯಿ ಬಿಟ್ಟು ಮುಚ್ಚುತ್ತಿತ್ತು. ಸುಮನಾ ಸ್ಟೂಲಿನಿಂದ ಎದ್ದಳು. ಮತ್ತೆ ಕೂತಳು. ಕೆಸರು ಒಣಗಿದರೆ ಬಿರಿಯುವುದು ಸಹಜ, ಅದನ್ನೂ ಬಿರುಕು ಎಂದರೆ ಈ ಜನ ತನ್ನ ಬಗ್ಗೆ ಏನಂದುಕೊಳ್ಳುತ್ತಾರೆ? ಗುರುವಾರದ ಆ ಬಿಳಿ ಜಾಯಿಂಟು ಕಣ್ಣ ಮುಂದೆ ಬಂತು. ನಾಳೆ ಈ ಹೊತ್ತಿಗೆ ಎಲ್ಲ ಮುಗಿದು ಅವನು ಮನೆಗೆ ಬಂದಿರುತ್ತಾನೆ, ಸುಮ್ಮನಿದ್ದುಬಿಡೋಣ ಎನಿಸಿತು. ಅವನು ಇನ್ನೊಮ್ಮೆ ತಿರುಗಿಸಿದ. ಕೆಸರಿನ ಒಂದು ಹಕ್ಕಳೆ ಕಳಚಿ ಕೆಳಗೆ ಬಿತ್ತು.

ಅವಳು ಹೋಗಿ ಬಗ್ಗಿ ಬೋಲ್ಟಿನ ಕೆಳಗೆ ಬೆರಳಿಟ್ಟಳು.

"ಇನ್ನೊಂದ್ಸಲ ತಿರುಗಿಸಿ," ಎಂದಳು ಗಂಡನಿಗೆ.

"ಸುಮನಾ."

"ಒಂದೇ ಸಲ ರೀ."

ಅವನು ತಿರುಗಿಸಿದ. ಬೆರಳ ಕೆಳಗೆ ಏನೋ ಸಣ್ಣಗೆ ಟಿಕ್ಕೆಂದಿತು. ಮುರಳಿಯನ್ನು ಕರೆದು ತೋರಿಸಿದಳು. ಅವನು ಬಟ್ಟೆಯಿಂದ ಒರೆಸಿ, ಟಾರ್ಚು ಬಿಟ್ಟು ನೋಡಿ, ಬಣ್ಣ ಎದ್ದಿದೆ ಅಕ್ಕ, ಹಳೇ ಗಾಡಿ ಅಲ್ವಾ ಎಂದ. ಕಣ್ಣಿಗೆ ನಿಜಕ್ಕೂ ಏನೂ ಕಾಣುತ್ತಿರಲಿಲ್ಲ. ಪ್ರಸನ್ನಕುಮಾರ್ ಇಳಿದು ಬಂದು, ಕೈಕಟ್ಟಿ ನಿಂತ.

ಕೆಂಪು ಬಣ್ಣ, ಬಿಳಿ ಪುಡಿ ಅಲ್ಲಿರಲಿಲ್ಲ. ಆದರೆ ಅವು ಬರುವ ಮೊದಲು ಜನ ಏನು ಮಾಡುತ್ತಿದ್ದರೆಂದು ಪಾಲಿಟೆಕ್ನಿಕ್ಕಿನಲ್ಲಿ ಓದಿದ್ದಳು, ಒಮ್ಮೆ ಮಾಡಿಯೂ ನೋಡಿದ್ದಳು. ಮುರಳಿಯ ಹತ್ತಿರ ಸೀಮೆಎಣ್ಣೆ ಇದೆಯೇ ಎಂದು ಕೇಳಿದಳು. ಸಾಮಾನು ತೊಳೆಯಲು ಇಟ್ಟದ್ದು ಇತ್ತು. ಟೈರಿಗೆ ಗುರುತು ಹಾಕುವ ಸೀಮೆಸುಣ್ಣವೂ ಇತ್ತು. ತಂತಿಬ್ರಷ್ಷಿನಿಂದ ಆ ಜಾಗದ ಕೆಸರು, ಬಣ್ಣವನ್ನು ಕಬ್ಬಿಣ ಹೊಳೆಯುವವರೆಗೆ ಉಜ್ಜಿದಳು. ಕಂಪನಿಯ ನೀಲಿ ಅಂಗಿಯ ತೋಳೆಲ್ಲ ಮಸಿಯಾಯಿತು. ಸೀಮೆಎಣ್ಣೆ ಹಚ್ಚಿ ಕಾದು, ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣವನ್ನು ಪುಡಿ ಮಾಡಿ ತೆಳ್ಳಗೆ ಬಳಿದಳು.

"ಕಾಲು ಗಂಟೆ ಬಿಡ್ಬೇಕು," ಎಂದಳು.

 ಮುರಳಿ ಸ್ಪ್ಯಾನರುಗಳನ್ನು ಒರೆಸಿ ಒರೆಸಿ ಇಟ್ಟ. ಪ್ರಸನ್ನಕುಮಾರನಿಗೆ ಸ್ನೇಹಿತ ವಿಶ್ವಾರಾಧ್ಯನ ಫೋನು ಬಂತು. ನಾಳೆ ಜೀಪಿನಲ್ಲಿ ಪಕ್ಕ ಕೂರಬೇಕಾದವನು ಅವನೇ. ಆಮೇಲೆ ಮಾಡ್ತೀನಿ ಎಂದು ಪ್ರಸನ್ನಕುಮಾರ್ ಇಟ್ಟುಬಿಟ್ಟ. ಸುಮನಾ ಸುಣ್ಣ ಬಳಿದ ಜಾಗವನ್ನು ನೋಡುತ್ತ ನೆಲದ ಮೇಲೇ ಕೂತಿದ್ದಳು. ಏನೂ ಬಾರದಿದ್ದರೆ ಈ ಮನೆಯಲ್ಲಿ ಇನ್ನು ತನ್ನ ಮಾತನ್ನು ಯಾರೂ ಕೇಳುವುದಿಲ್ಲ. ಬಂದರೆ, ಈ ಗಾಡಿಯಲ್ಲೇ ಅವನು ಶಿವಮೊಗ್ಗದಿಂದ ಇಲ್ಲಿಗೆ ಬಂದಿದ್ದಾನೆ. ಯಾವುದನ್ನು ಬಯಸಬೇಕೆಂದು ಅವಳಿಗೆ ತಿಳಿಯಲಿಲ್ಲ.

ಹತ್ತು ನಿಮಿಷವಾಗಿರಬಹುದು. ಬೋಲ್ಟಿನ ತೂತಿನ ಅಂಚಿನಲ್ಲಿ ಸುಣ್ಣ ತೇವವಾಯಿತು. ತೇವ ಕೆಳಗಿಳಿಯಿತು, ಓರೆಯಾಗಿ, ಬೆರಳುದ್ದ. ಮುರಳಿ ಸಣ್ಣ ಸುತ್ತಿಗೆಯಿಂದ ಪಕ್ಕದಲ್ಲಿ ಮೆಲ್ಲಗೆ ತಟ್ಟಿದ. ಗೆರೆ ಕಪ್ಪಾಗಿ ಎದ್ದು ನಿಂತಿತು.

 ಮುರಳಿ ಸುತ್ತಿಗೆ ಕೆಳಗಿಟ್ಟು ಹೇಳಿದ, "ಹೋದ ವರ್ಷದ ಏಟಿಗೇ ಬಿಟ್ಟಿರ್ಬೇಕು ಸರ್. ಆಗ ರಾಡು ಬಗ್ಗಿತು, ಅದಕ್ಕೆ ಇಲ್ಲಿಗೆ ಏಟು ಕಡಿಮೆ ಬಿತ್ತು. ಈಗಿನ ರಾಡು ಬಗ್ಗಲ್ಲ. ಅಷ್ಟೂ ಏಟು ಇಲ್ಲೇ ಬೀಳ್ತಿತ್ತು. ಪೆಟ್ಟಿಗೆ ಸಮೇತ ಕಿತ್ಕೊಂಡು ಬರ್ತಿತ್ತು."

ಗಟ್ಟಿ ರಾಡು ಹಾಕಿಸಿ ಎಂದು ಹಟ ಹಿಡಿದವಳು ತಾನೇ. ಅದು ನೆನಪಾಗಿ ಸುಮನಾ ಕೂತಲ್ಲೇ ಕೂತಳು.  ಪ್ರಸನ್ನಕುಮಾರ್ ಕೈಕೊಟ್ಟು ಎಬ್ಬಿಸಿದ.  ಫೋನು ತೆಗೆದು ವಿಶ್ವಾರಾಧ್ಯನಿಗೆ, ನಾಳೆ ಆಗಲ್ಲ, ಚಾಸಿ ಬಿರುಕು ಬಿಟ್ಟಿದೆ ಎಂದು ಹೇಳಿದ. ಆ ಕಡೆಯಿಂದ ಏನೋ ತಮಾಷೆ ಬಂದಿರಬೇಕು. "ಇಲ್ಲ ಕಣೋ, ಅವಳ ಅನುಮಾನ ಅಲ್ಲ. ನಾನು ಕಣ್ಣಾರೆ ನೋಡಿದೆ," ಎಂದ.

ಜೀಪನ್ನು ಅಲ್ಲೇ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೊರಟರು. ಕೂರಲು ಜಾಗ ಸಿಕ್ಕಿತು. ಮಾಚೇನಹಳ್ಳಿ ದಾಟುವವರೆಗೂ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಆಮೇಲೆ ಹೇಳಿದ, "ಗುರುವಾರ ಆ ಜಾಯಿಂಟು ನೀನು ತಗೊಂಡು ಹೋಗದೇ ಇದ್ದಿದ್ರೆ ಅವತ್ತೇ ಜೋಡಿಸ್ತಿದ್ವಿ. ನೀನು ಅಲ್ಲಿ ಇರ್ತಿರ್ಲಿಲ್ಲ." ಅವಳು ಹೌದು ಎನ್ನಲಿಲ್ಲ. ತಾನು ಗುರುವಾರ ತಪ್ಪಿದ್ದೆ, ಇವತ್ತು ಸರಿಯಾಗಿದ್ದೆ, ಎರಡು ದಿನವೂ ಒಳಗಿನ ದಿಗಿಲು ಮಾತ್ರ ಒಂದೇ ಥರ ಇತ್ತು ಎಂದಷ್ಟೇ ಹೇಳಿದಳು. ಅವನಿಗೆ ಅದು ಪೂರ್ತಿ ಅರ್ಥವಾಗಲಿಲ್ಲ. ಸುಮ್ಮನೆ ಅವಳ ಮಸಿ ಹತ್ತಿದ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡ.

ಬಿರುಕಿನ ತುದಿಗೆ ಸಣ್ಣ ತೂತು ಕೊರೆದು, ಅದು ಮುಂದಕ್ಕೆ ಹರಿಯದಂತೆ ಮಾಡಿ, ಒಳಗೂ ಹೊರಗೂ ದಪ್ಪ ತಗಡು ಬೆಸೆಯುವುದಕ್ಕೆ ಮುರಳಿಗೆ ಹತ್ತು ದಿನ ಬೇಕಾಯಿತು. ಎಡಗಡೆಯ ತೊಲೆಯನ್ನೂ ಸುಮನಾ ಅದೇ ರೀತಿ ಪರೀಕ್ಷಿಸಿದಳು. ಅಲ್ಲಿ ಏನೂ ಇರಲಿಲ್ಲ. ಕೆಲಸ ಮುಗಿದ ಮೇಲಿನ ಬುಧವಾರ, ಅವಳ ರಜೆಯ ದಿನ, ಜೀಪು ತರಲು ಇಬ್ಬರೂ ಹೋದರು. ಬರುವಾಗ ಅವನು ಹೆದ್ದಾರಿ ಬಿಟ್ಟು ಭದ್ರಾ ನಾಲೆಯ ಪಕ್ಕದ ಗುಂಡಿಬಿದ್ದ ಮಣ್ಣುದಾರಿಗೆ ತಿರುಗಿಸಿದ. ಪ್ರತಿ ಗುಂಡಿಗೂ ಸುಮನಾ ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದು, ಕತ್ತು ಓರೆ ಮಾಡಿ ಕೆಳಗಿನ ಸದ್ದಿಗೆ ಕಿವಿಗೊಡುತ್ತಿದ್ದಳು. ಅವನು ಗಾಡಿ ನಿಧಾನ ಮಾಡಿದ.

"ಏನಾದ್ರೂ ಕೇಳಿಸ್ತಾ?"

"ಇಲ್ಲ," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಆ ದಿಬ್ಬದ ಹತ್ರ ಒಂದ್ಸಲ ನಿಲ್ಲಿಸಿ, ಇಳಿದು ನೋಡ್ತೀನಿ," ಎಂದಳು. ಅವನು ನಿಲ್ಲಿಸಿ, ತಾನೂ ಇಳಿದ.