ಲೋಕದ ದುಬಾರಿ ತೇಗು

ನನ್ನ ಗಂಡ ತೀರಿಕೊಂಡಾಗ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: ಗಂಡಸರೇ ಹಾಗೆ, ಡಾಕ್ಟರ ಹತ್ತಿರ ಹೋಗಿ ಅಂದರೆ ಹೋಗುವುದಿಲ್ಲ. ಅಡಿಲೇಡಿನಲ್ಲಿ ಡಾಕ್ಟರಾಗಿರುವ ಅವರ ಗೆಳೆಯರೊಬ್ಬರು ಫೋನಿನಲ್ಲಿ ಅತ್ತರು. "ಹಠಮಾರಿ ರೀ ಅವನು. ನಂಗೊಂದು ಫೋನ್ ಮಾಡಿದ್ದಿದ್ರೆ ಸಾಕಿತ್ತು." ನಾನು ಹೂಂ ಅಂದೆ. ಪಕ್ಕದಲ್ಲಿ ಕೂತಿದ್ದ ಮಗಳು ಅದನ್ನು ಕೇಳಿಸಿಕೊಂಡಳು, ನಂಬಿದಳು. ಆ ಹೂಂ ಸುಳ್ಳಾಗಿತ್ತು.

ಆಸ್ಟ್ರೇಲಿಯಾದ ಈ ಪರ್ತ್‌ಗೆ ಬರುವ ಮೊದಲು ನಾವು ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದೆವು. ಅವರು ತೈಲ ಕಂಪನಿಗಳಿಗೆ ಪೈಪುಗಳ ನಕ್ಷೆ ಮಾಡಿಕೊಡುತ್ತಿದ್ದರು. ತೈಲಕ್ಕೆ ಒಳ್ಳೆಯ ಬೆಲೆಯಿದ್ದ ದಿನಗಳು. ನಮ್ಮ ಬೀದಿಯಲ್ಲಿ ಯಾರೂ ಏನನ್ನೂ ರಿಪೇರಿ ಮಾಡಿಸುತ್ತಿರಲಿಲ್ಲ, ಹೊಸದು ತರುತ್ತಿದ್ದರು. ಎದುರು ಮನೆಯ ಅಮೆರಿಕನ್ ಒಂದು ದೋಣಿ ಕೊಂಡಿದ್ದ. ಸಮುದ್ರಕ್ಕೆ ಹೋಗಲು ಪುರುಸೊತ್ತಿಲ್ಲದೆ, ಭಾನುವಾರ ಅದನ್ನು ಮನೆಯ ಮುಂದೆಯೇ ತೊಳೆದು, ಅದರೊಳಗೆ ಕೂತು ಬಿಯರ್ ಕುಡಿಯುತ್ತಿದ್ದ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಹುಲ್ಲಿನ ಮೇಲೆ ನಿಂತ ಆ ದೋಣಿಯಲ್ಲಿ ಅವಳು ಎಷ್ಟು ಸಮುದ್ರ ದಾಟಿದ್ದಾಳೋ.

ತೈಲದ ಬೆಲೆ ಬಿದ್ದ ವರ್ಷ ಮೊದಲು ಆ ದೋಣಿಗೆ ಮಾರಾಟದ ಹಲಗೆ ಬಂತು, ಆಮೇಲೆ ಆ ಮನೆಗೆ. ಪ್ರತಿ ಶನಿವಾರ ಯಾರದಾದರೂ ಅಂಗಳದಲ್ಲಿ ಸೋಫಾ, ಮಕ್ಕಳ ಸೈಕಲ್ಲು, ಮದುವೆಯಲ್ಲಿ ಬಂದ ಪಿಂಗಾಣಿ ತಟ್ಟೆಗಳು ಮಾರಾಟಕ್ಕೆ ಹರಡಿರುತ್ತಿದ್ದವು. ಕೊಳ್ಳುವವರು ಬಂದರೆ ಮನೆಯವರು ನಗುನಗುತ್ತಲೇ ಮಾತಾಡಿಸುತ್ತಿದ್ದರು. ಆ ನಗುವನ್ನು ನನಗೆ ನೋಡಲಾಗುತ್ತಿರಲಿಲ್ಲ.

ನನ್ನ ಗಂಡನ ಕೆಲಸವೂ ಹೋಯಿತು. ಕೆಲಸದ ಜೊತೆಗೇ ಆಸ್ಪತ್ರೆಯ ವಿಮೆಯೂ ಹೋಯಿತು. ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಅವರು ಎದೆ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. "ಯಾರನ್ನೂ ಕರೀಬೇಡ ಕಣೇ, ಸರಿಹೋಗುತ್ತೆ" ಅಂದರು. ನಾನು ಹೆದರಿ ಆಂಬುಲೆನ್ಸ್ ಕರೆದೆ. ಇಡೀ ದಿನ ಪರೀಕ್ಷೆ ಮಾಡಿ, ಹೊಟ್ಟೆಯ ಗ್ಯಾಸು ಎಂದು ಹೇಳಿ ಕಳಿಸಿದರು. ಆಮೇಲೆ ಬಿಲ್ಲು ಬಂತು. ಕಾರು ಹೋಯಿತು, ನನ್ನ ಬಳೆಗಳು ಹೋದವು, ಮಗಳ ಮಂಚವೂ ಅಂಗಳಕ್ಕೆ ಬಂತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಮರೆತುಬಿಡುತ್ತಿದ್ದೆನೇನೋ.

ಆಗ ಪರ್ತ್‌ನಲ್ಲಿ ಗಣಿ, ಗ್ಯಾಸು ಎಂದು ಬೇಕಾದಷ್ಟು ಕೆಲಸವಿತ್ತು. ಬಂದು ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿ ಮನೆ ಮಾಡಿದೆವು. ಇಲ್ಲಿಯೂ ಬೆಲೆ ಏರಿತು, ಇಲ್ಲಿಯೂ ಇಳಿಯಿತು. ಅವರು ಎರಡು ಸಲ ಕೆಲಸ ಕಳೆದುಕೊಂಡರು, ಎರಡು ಸಲವೂ ಹುಡುಕಿಕೊಂಡರು. ಆದರೆ ಇಲ್ಲಿ ಪರ್ಸಿನಲ್ಲಿ ಸರ್ಕಾರದ ಆರೋಗ್ಯ ವಿಮೆಯ ಒಂದು ಹಸಿರು ಕಾರ್ಡು ಇರುತ್ತದೆ. ಕೆಲಸ ಇರಲಿ ಬಿಡಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿದರೆ ಸಾಕು, ಬಿಲ್ಲು ಬರುವುದಿಲ್ಲ.

ಕನ್ನಡದವರು ಬಾರ್ಬಿಗೆ, ಅಂದರೆ ಹಿತ್ತಲಿನ ಬಾರ್ಬಿಕ್ಯೂ ಊಟಕ್ಕೆ, ಸೇರಿದಾಗಲೆಲ್ಲ ಅವರು ಹ್ಯೂಸ್ಟನ್ ಕಥೆ ತೆಗೆಯುತ್ತಿದ್ದರು. "ಲೋಕದಲ್ಲೇ ದುಬಾರಿ ತೇಗು ನಂದು ಸ್ವಾಮಿ! ಒಂದು ತೇಗಿಗೆ ಒಂದು ಕಾರು, ನಾಲ್ಕು ಬಳೆ!"

"ಇನ್ನೊಂದ್ಸಲ ತೇಗ್ಬೇಡಿ ಸಾರ್, ಮನೇನೂ ಹೋದೀತು!" ಎಂದು ಯಾರಾದರೂ ಕೂಗುತ್ತಿದ್ದರು.

ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮಾರನೆಯ ದಿನ ಪಾತ್ರೆ ತೊಳೆಯುವಾಗ ಮಾತ್ರ, ಇನ್ನೆಂದೂ ಹೆದರಿ ಯಾರನ್ನೂ ಕರೆಯಬಾರದು ಎಂದುಕೊಳ್ಳುತ್ತಿದ್ದೆ.

ಅದೊಂದು ಶನಿವಾರ ಮಧ್ಯಾಹ್ನ ಅವರು ಹಿತ್ತಲಿನ ಹುಲ್ಲು ಕತ್ತರಿಸಿ ಒಳಗೆ ಬಂದರು. ಮುಖವೆಲ್ಲ ಬೆವರು. "ಎದೆ ಯಾಕೋ ಹಿಡ್ಕೊಂಡ ಹಾಗಿದೆ ಕಣೇ. ಆಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬರೋಣ್ವಾ?"

ಹೌದು, ಅವರೇ ಕೇಳಿದರು. ಕಾರಿನ ಕೀ ಬಾಗಿಲ ಪಕ್ಕದ ಮೊಳೆಯಲ್ಲೇ ಇತ್ತು.

"ಬೆಳಿಗ್ಗೆ ಅಷ್ಟು ಬೋಂಡ ತಿಂದ್ರೆ ಇನ್ನೇನಾಗುತ್ತೆ ರೀ? ಇನ್ನೊಂದು ದುಬಾರಿ ತೇಗು ಬೇಡ ನಮ್ಗೆ. ಮಲ್ಕೊಳ್ಳಿ, ಓಮದ ನೀರು ಕಾಯಿಸಿ ತರ್ತೀನಿ" ಅಂದೆ.

ಅವರು ನಕ್ಕರು. ನಕ್ಕು ಸೋಫಾದ ಮೇಲೆ ಒರಗಿದರು. ನಾನು ಲೋಟ ಹಿಡಿದು ಬರುವಷ್ಟರಲ್ಲಿ ತಲೆ ಒಂದು ಕಡೆಗೆ ವಾಲಿತ್ತು. ಆಂಬುಲೆನ್ಸ್ ಬೇಗ ಬಂತು. ಬಂದ ಇಬ್ಬರು ಬಹಳ ಹೊತ್ತು ಪ್ರಯತ್ನಪಟ್ಟರು. ಪ್ರಯೋಜನವಾಗಲಿಲ್ಲ.

ಮಗಳು ಬ್ರಿಸ್ಬೇನಿನಲ್ಲಿ ಓದುತ್ತಿದ್ದಾಳೆ. ಅಂದೇ ಹೊರಟು ಬಂದವಳಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. "ಹಿ ಡಿಡಂಟ್ ಈವನ್ ಟ್ರೈ, ಅಮ್ಮ. ಕಾರ್ಡಿತ್ತು, ಹಾಸ್ಪಿಟಲ್ ಹತ್ರಾನೇ ಇತ್ತು. ಹೂ ಡಸ್ ದಟ್?" ನಾನು ಸುಮ್ಮನಿದ್ದೆ. ಆ ವರ್ಷವಿಡೀ ಫೋನಿನಲ್ಲೂ ಸುಮ್ಮನಿದ್ದೆ. ವರ್ಷದ ತಿಥಿ ಹತ್ತಿರ ಬಂದಾಗ ಅವಳು, "ಐ ಆಮ್ ನಾಟ್ ಕಮಿಂಗ್. ಅವ್ರಿಗೆ ನಾವು ಬೇಕಿರ್ಲಿಲ್ಲ" ಎಂದುಬಿಟ್ಟಳು.

ಆ ಮಾತು ಕೇಳಿ ಮನೆಯಲ್ಲಿ ಕೂರಲಾಗಲಿಲ್ಲ. ಬ್ರಿಸ್ಬೇನಿಗೆ ಹೋದೆ. ಅಲ್ಲಿನ ಇಂಡೂರೂಪಿಲ್ಲಿ ಬಡಾವಣೆಯ ಅವಳ ಬಾಡಿಗೆ ಮನೆಯಲ್ಲಿ, ಅವಳು ನೂಡಲ್ಸ್ ಬೇಯಿಸುತ್ತಾ ನಿಂತಿದ್ದಾಗ, ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದನ್ನು ಹೇಳಿದೆ, ನಾನು ಕೊಟ್ಟ ಉತ್ತರವನ್ನೂ ಹೇಳಿದೆ.

ಅವಳು ಒಲೆ ಆರಿಸಿದಳು.

"ಹೋಗೋಣ ಅಂತ ಅಪ್ಪಾನೇ ಕೇಳಿದ್ರಾ?"

"ಹೂಂ."

"ನೀನು ಬೇಡ ಅಂದಾಗ ಏನಂದ್ರು?"

"ಏನೂ ಅನ್ಲಿಲ್ಲ. ನಕ್ಕರು."

ಅವಳು ನೆಲದ ಮೇಲೆ ಕೂತು ಅತ್ತಳು. ಅಪ್ಪನಿಗಾಗಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹತ್ತಿರ ಹೋಗಿ ತಲೆ ಮುಟ್ಟಿದೆ. ಅವಳು ನನ್ನ ಕೈ ಸರಿಸಿದಳು.

"ಒಂದು ವರ್ಷ ಅವರನ್ನ ಬೈದಿದೀನಿ, ಅಮ್ಮ. ನೀನು ಕೇಳಿಸ್ಕೊಂಡು ಸುಮ್ನೆ ಕೂತಿದ್ದೆ."



ತಿಥಿಗೆ ಅವಳು ಬಂದಳು. ಭಟ್ಟರು ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದಳು. ಫೋಟೊದ ಮುಂದೆ ಬಹಳ ಹೊತ್ತು ಕೂತಿದ್ದಳು. ಬಂದ ಆಂಟಿಯರು ಮಗಳೆಂದರೆ ಹೀಗಿರಬೇಕು ಅಂದರು. ಮಾರನೆಯ ದಿನ ಅವಳನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆ. ಹೊರಡುವಾಗ ಅಪ್ಪನ ಒಂದು ಶರ್ಟು ಕೇಳಿ ತೆಗೆದುಕೊಂಡಿದ್ದಳು.

ಈಗ ಭಾನುವಾರಗಳಲ್ಲಿ ನಾನು ಫೋನ್ ಮಾಡುತ್ತೇನೆ. ಪೂರ್ತಿ ರಿಂಗಾಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮೆಸೇಜ್ ಬರುತ್ತದೆ: ಬ್ಯುಸಿ, ಊಟ ಆಯ್ತಾ? ಆಗಿದ್ದರೆ ಆಯ್ತು ಎಂದು ಬರೆಯುತ್ತೇನೆ. ಆಗಿಲ್ಲದಿದ್ದರೆ ಇಲ್ಲವೆಂದೇ ಬರೆಯುತ್ತೇನೆ.